ಅಕ್ಕ ಎತ್ತಿಟ್ಟ ಮೊದಲ ಹಿಡಿ

ಗಿರಣಿಯಿಂದ ಆಗಷ್ಟೇ ಬೀಸಿಕೊಂಡು ತಂದ ರಾಗಿಹಿಟ್ಟಿಗೆ ಒಂದು ಬಿಸಿ ವಾಸನೆ ಇರುತ್ತದೆ. ಮೊನ್ನೆ ಡಬ್ಬಕ್ಕೆ ಸುರಿಯುವಾಗ ಅದು ಮೂಗಿಗೆ ಬಡಿದು, ಬೇಗೂರಿನ ನಮ್ಮ ಪಕ್ಕದ ಮನೆ ಅಕ್ಕ ನೆನಪಾದಳು. ಐವತ್ತರ ದಶಕದ ಮಾತು…

ಅಕ್ಕ ಮತ್ತು ಅವಳ ಗಂಡ ಗುಂಡ್ಲುಪೇಟೆಯ ಕ್ರೈಸ್ತ ಸಭೆಗೆ ಸೇರಿದ್ದರು. ಎದುರು ಮನೆಯಲ್ಲೇ ಇದ್ದ ಗಂಡನ ಅಕ್ಕ ಅಂದಿನಿಂದ ಇವರಿಗೆ ನೀರು, ಬೆಂಕಿ ಕೊಡುವುದನ್ನು ನಿಲ್ಲಿಸಿದಳು. ಕಳೆ ಕೀಳಲು ಕರೆಯುವವರೂ ಕಡಿಮೆಯಾದರು. ಮರುವರ್ಷ ಚಳಿಜ್ವರದಲ್ಲಿ ಗಂಡ ಹೋದ. ಉಳಿದವನು ಪುಟ್ಟ ಮಗ.

ಆ ಸಭೆಯ ಹೆಂಗಸರಲ್ಲಿ ಒಂದು ರೂಢಿ ಇತ್ತು. ಅಡುಗೆಗೆ ಮುಂಚೆ ಮೊದಲ ಹಿಡಿ ಹಿಟ್ಟನ್ನೋ ಅಕ್ಕಿಯನ್ನೋ ಬೇರೆ ಮಡಕೆಗೆ ಹಾಕಿ, ಇಲ್ಲದವರಿಗೆಂದು ಭಾನುವಾರ ಒಯ್ದು ಕೊಡುವುದು. ಅಕ್ಕನ ಮನೆಯಲ್ಲೇ ಹೊಟ್ಟೆಗೆ ಸಾಕಷ್ಟು ಇರಲಿಲ್ಲ. ಆದರೂ ಅವಳು ತಪ್ಪಿಸಲಿಲ್ಲ. ನಮ್ಮವ್ವನಿಗೆ ನೋಡಿ ತಡೆಯಲಾಗಲಿಲ್ಲ.

"ಅಲ್ಲ ಕಣಮ್ಮಿ, ನಿನ್ ಗಂಜಿಲೂ ಪಾಲ್ ಕೇಳ್ತಾನಾ ನಿನ್ ದೇವ್ರು? ನಮ್ ಪಟೇಲ್ರೇ ವಾಸಿ ಬುಡು!"

ಅಕ್ಕ ನಕ್ಕಳು. "ಅವ್ನು ಕೇಳಕಿಲ್ಲ ಕಣಕ್ಕ. ಕೊಡೋರ ಸಾಲ್ನಲ್ಲಿ ನಾನೂ ಒಬ್ಳು ಇರ್ಲಿ ಅಂತ."

ಆ ಮಗನೂ ಉಳಿಯಲಿಲ್ಲ. ಅದೇ ಜ್ವರ. ಮಣ್ಣು ಮಾಡಿ ಬಂದ ಸಂಜೆ, ಎದುರು ಮನೆಯವಳು ಎಷ್ಟೋ ಕಾಲದ ಮೇಲೆ ಹೊಸ್ತಿಲ ಹತ್ತಿರ ಬಂದು ನಿಂತಳು. ಅವ್ವನೂ ನಾನೂ ಅಕ್ಕನ ಜೊತೆ ಒಳಗಿದ್ದೆವು.

"ಇನ್ನಾದ್ರೂ ಆ ದೇವ್ರ ಬುಟ್ಬುಡು. ನಮ್ ಜೊತೆ ಇರು ಬಾ. ನೀರು, ಕೂಲಿ, ಎಲ್ಲಾ ಮೊದ್ಲಂಗೇ ಆಯ್ತದೆ."

"ಬುಟ್ರೆ ನನ್ ಮಗ ಬತ್ತಾನಾ ಅತ್ಗೆ?"

ಅವಳು ಹೊಸ್ತಿಲಿಂದ ಒಂದು ಹೆಜ್ಜೆ ಹಿಂದೆ ಸರಿದಳು.

"ಮತ್ತೆ ಅವ್ನ ಮಕ ನೋಡ್ತೀನಿ ಅನ್ನೋ ನಂಬ್ಕೆ ಒಂದೇ ನಂಗೆ ಉಳ್ದಿರದು. ಅದ್ನೂ ಕಿತ್ಕಬೇಡ."

ಎದುರು ಮನೆಯವಳು ಹೊರಟುಹೋದಳು. ಅಕ್ಕ ಬಹಳ ದಿನ ಮೇಲೇಳಲಿಲ್ಲ. ಪ್ರಾರ್ಥನೆಯೋ ಜಗಳವೋ ಗೊತ್ತಾಗದ ಹಾಗೆ ದೇವರೊಂದಿಗೆ ಮಾತಾಡುವುದು ಗೋಡೆಯಾಚೆಗೆ ಕೇಳುತ್ತಿತ್ತು… ಒಂದು ಬೆಳಗ್ಗೆ ಎದ್ದು ಗುಂಡ್ಲುಪೇಟೆಗೆ ನಡೆದೇ ಹೋಗಿ ಪಾದ್ರಿಗಳನ್ನು ಕೇಳಿದಳು: ತನ್ನ ಹಿಡಿ ಹಿಟ್ಟು ಬೇಗೂರಿನಲ್ಲೇ ಇರಲಿ, ಜ್ವರ ಬಂದವರಿಗೆ ತಾನೇ ಗಂಜಿ ಕಾಯಿಸುತ್ತೇನೆ ಎಂದು. ಪಾದ್ರಿಗಳು ಒಪ್ಪಿ, ಬೇರೆ ಹೆಂಗಸರು ಎತ್ತಿಟ್ಟಿದ್ದನ್ನೂ ಸೇರಿಸಿ ಕೊಟ್ಟರು.

ಮುಂದಿನ ಮಳೆಗಾಲಕ್ಕೆ ಎದುರು ಮನೆಯವರೆಲ್ಲ ಜ್ವರದಿಂದ ಮಲಗಿದರು. ಅಕ್ಕ ಗಂಜಿ ಹಿಡಿದು ಹೋದಾಗ ಅತ್ತಿಗೆ ಗೋಡೆಯ ಕಡೆ ತಿರುಗಿದಳು.

"ನಿನ್ ದೇವ್ರ ಗಂಜಿ ನಂಗ್ ಬ್ಯಾಡ."

"ದೇವ್ರುದಲ್ಲ ಅತ್ಗೆ, ರಾಗೀದು. ಉಪ್ಪು ಬ್ಯಾರೆ ಕಮ್ಮಿ ಆಗದೆ. ಬೈಯದಾದ್ರೆ ಕುಡ್ದು ಬೈ."

ಕುಡಿದಳು. ಬೈಯಲಿಲ್ಲ.

ಆ ಗಂಜಿ ಕುಡಿದು ಎದ್ದವರಲ್ಲಿ ನಾನೂ ಒಬ್ಬಳು. ಎಲ್ಲರೂ ಏಳಲಿಲ್ಲ, ಅಕ್ಕ ಎಷ್ಟೋ ಮನೆಗಳಿಂದ ತುಂಬಿದ ಪಾತ್ರೆಯನ್ನೇ ವಾಪಸ್ ತಂದದ್ದುಂಟು. ತಂದು, ತೊಳೆದು, ಮರುದಿನ ಮತ್ತೆ ಒಲೆ ಹಚ್ಚುತ್ತಿದ್ದಳು. ಮಗ ಹೋದಾಗ ಬಾಗಿದ್ದ ಬೆನ್ನು ಆ ಕೆಲಸದಲ್ಲಿ ನೆಟ್ಟಗಾದದ್ದನ್ನು ನಾನು ಕಣ್ಣಾರೆ ಕಂಡೆ.

ನಮ್ಮ ಬೀದಿಯಿಂದ ಬಿ.ಎ. ಮಾಡಿದ ಮೊದಲನೆಯವಳು ನಾನು. ಹೇಳಿಕೊಳ್ಳಲು ಸಂಕೋಚವಿಲ್ಲ, ಹಸಿದುಕೊಂಡು ಓದಿದ್ದೇನೆ. ಮೈಸೂರಿನಲ್ಲಿ ಕೊನೆಯ ಪರೀಕ್ಷೆ ಬರೆಯುತ್ತಿದ್ದಾಗ ಅಕ್ಕ ತೀರಿಹೋದಳು. ನಮ್ಮ ಕಡೆ ಹೆಣಕ್ಕೆ ನೀರು ಹಾಕುವುದು ನೆಂಟರ ಕೆಲಸ. ಸಭೆಯವರು ಬರುವ ಮೊದಲೇ ಎದುರು ಮನೆಯವಳು ಹಂಡೆ ಕಾಯಿಸಿಟ್ಟಿದ್ದಳಂತೆ. "ನನ್ ತಮ್ಮನ್ ಎಂಡ್ತಿ ಕಣ್ರವ್ವ, ಸರೀರಿ," ಎಂದು ಎಲ್ಲರನ್ನೂ ಸರಿಸಿ, ಬೀದಿಯೆಲ್ಲ ನೋಡುತ್ತಿರುವಾಗಲೇ ಮೊದಲ ಚೊಂಬು ಹಾಕಿದಳಂತೆ. ಅವ್ವ ಹೇಳಿದ್ದು…

ನಾನು ಊರಿಗೆ ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು. ಈಗ ಆ ಮನೆಯಿಲ್ಲ, ಗುರುತು ಹೇಳುವವರೂ ಇಲ್ಲ. ಒಂದು ಚೊಂಬು ನೀರು ನನ್ನ ಕೈಯದೂ ಇರಬೇಕಿತ್ತು.