ಅತ್ತೆ ಕಟ್ಟಿದ ಜೋಲಿ

ವಿಜಯಪುರದಲ್ಲಿ ಇವತ್ತು ನಮ್ಮ ಕೊನೆಯ ದಿನ. ಸಂಜೆ ಯಶವಂತಪುರಕ್ಕೆ ರೈಲು. ನಾಡಿದ್ದಿನಿಂದ ನನಗೆ ಸಹಕಾರನಗರದ ಹಲ್ಲಿನ ಕ್ಲಿನಿಕ್ಕಿನಲ್ಲಿ ಮತ್ತೆ ಕೆಲಸ. ಒಂಬತ್ತು ತಿಂಗಳ ಧನ್ವಿಯನ್ನು ಹಗಲೆಲ್ಲ ಅತ್ತೆಯ ಬಳಿ ಬಿಡಬಹುದೇ ಎಂಬುದೊಂದೇ ಈ ನಾಲ್ಕು ದಿನವೂ ನನ್ನ ತಲೆಯಲ್ಲಿ. ಬಾಯಿಬಿಟ್ಟು ಹೇಳಿರಲಿಲ್ಲ. ಅತ್ತೆಗೆ ಗೊತ್ತಿತ್ತು.

ಅತ್ತೆ ಮುನಿಶಾಮಮ್ಮನ ಹೊಲ ಯಲಹಂಕದ ಹತ್ತಿರದ ಕೋಗಿಲಿನಲ್ಲಿತ್ತು. ಈಗ ಅಲ್ಲಿ ಅಪಾರ್ಟ್‌ಮೆಂಟು. ಅದರ ಮೂರನೇ ಮಹಡಿಯಲ್ಲಿ, ಬಿಲ್ಡರು ಕೊಟ್ಟ ಮನೆಯಲ್ಲಿ ನಾವಿದ್ದೇವೆ. ಹದಿನೇಳಕ್ಕೆ ಮದುವೆಯಾಗಿ ಬಂದವರು ಮೂವತ್ತು ವರ್ಷ ದಂಟು, ಕೊತ್ತಂಬರಿ ಬೆಳೆದು, ಕಟ್ಟು ಕಟ್ಟಿ ಯಲಹಂಕಕ್ಕೆ ತಲೆಯ ಮೇಲೆ ಹೊತ್ತಿದ್ದಾರೆ. ಈಗ ಬಾಲ್ಕನಿಯ ಪೇಂಟ್ ಡಬ್ಬಗಳಲ್ಲಿ ಮೆಂತ್ಯ. ಪಾರ್ಕಿಗೆ ಹೋದರೆ ಹುಲ್ಲಿನ ಕಳೆ ಕಿತ್ತು ಸೆಕ್ಯುರಿಟಿಯವನಿಂದ ಬೈಸಿಕೊಂಡು ಬರುತ್ತಾರೆ. ಮಣ್ಣು ಕಂಡರೆ ಅವರ ಕೈ ಸುಮ್ಮನಿರದು.

ಗೋಳಗುಮ್ಮಟದ ಮುಂದೆ ನಿಂತು ತಲೆಯೆತ್ತಿ ನೋಡಿದ ಅತ್ತೆ, ‘ಇಷ್ಟ್ ದೊಡ್ಡದ್ರಾಗೆ ಕಸ ಯಾರ್ ಗುಡುಸ್ತಾರೋ?’ ಅಂದರು.

ನನ್ನ ಗಂಡ ಸಿದ್ದು ನಕ್ಕ. ‘ಏಳ್ ಅಂತಸ್ತು ಹತ್ಬೇಕು ಕಣಮ್ಮ, ಬರ್ತೀಯಾ?’

‘ನನ್ ಮಂಡಿ ನನ್ ಮಾತೇ ಕೇಳಾಕಿಲ್ಲ. ನೀವೋಗಿ. ಮಗೀನ ಕೊಡು ಬಿಂದು. ಮೂರ್ ಮಕ್ಳ ಸಾಕಿವ್ನಿ.’

ಮಗಳನ್ನು ಕೊಟ್ಟೆ. ಅರ್ಧ ಗಂಟೆಯ ಪರೀಕ್ಷೆ ಎಂದು ಮನಸ್ಸಿನಲ್ಲಿಟ್ಟುಕೊಂಡೇ ಕೊಟ್ಟೆ.

ಮೇಲೆ ಶಾಲಾ ಮಕ್ಕಳು ಕೂಗಿದ್ದೇ ಕೂಗಿದ್ದು. ಒಂದೊಂದು ಕೂಗೂ ಗುಮ್ಮಟ ಸುತ್ತಿ ಮತ್ತೆ ಮತ್ತೆ ಬಂದು ಕಿವಿಗೆ ಬೀಳುತ್ತಿತ್ತು. ತಡೆಯಲಾರದೆ ಹೊರಗಿನ ತಾರಸಿಗೆ ಬಂದು ಕೆಳಗೆ ಇಣುಕಿದೆ. ತೋಟದ ಹುಲ್ಲಿನಲ್ಲಿ ನಾಲ್ಕೈದು ಹೆಂಗಸರು ಸಾಲಾಗಿ ಕುಳಿತು ಕಳೆ ಕೀಳುತ್ತಿದ್ದರು. ಸಾಲಿನ ಕೊನೆಯಲ್ಲಿ ಅತ್ತೆಯ ಹಸಿರು ಸೀರೆ. ಅವರ ಎರಡೂ ಕೈ ನೆಲದಲ್ಲಿದ್ದವು. ಮಗು ಕಾಣಲಿಲ್ಲ.

ಆ ಕಿರಿದಾದ ಮೆಟ್ಟಿಲು ಹೇಗೆ ಇಳಿದೆನೋ ತಿಳಿಯದು.

‘ಅತ್ತೆ, ಪಾಪು ಎಲ್ಲಿ?’

‘ಮರದಾಗೆ ಜೋಲಿ ಕಟ್ಟಿ ಮಲಗ್ಸಿವ್ನಿ. ಯಾಕಂಗೆ ಏದುಸ್ರು ಬಿಡ್ತೀಯ?’

‘ಯಾವ ಮರ?’

ಅತ್ತೆ ಎದ್ದು ತಿರುಗಿದರು. ಬೆರಳು ಒಂದು ಮರದತ್ತ ಎದ್ದಿತು, ಇಳಿಯಿತು, ಇನ್ನೊಂದರತ್ತ ಹೋಯಿತು. ಎಲ್ಲವೂ ಒಂದೇ ಎತ್ತರ, ಒಂದೇ ತರಹ. ಅವರ ಹೊಲದಲ್ಲಿ ಇದ್ದದ್ದು ಒಂದೇ ಹೊಂಗೆಮರ.

‘ಕೂಸಾ? ಅಜ್ಜಿ ಸುಮ್ನ ಬಂದು ನಮ್ ಜೋಡಿ ಕುಂತ್ರು. ಕೂಸು ಐತಂತ ಯಾರ್ ಹೇಳ್ಯಾರ್ರೀ ನಮಗ?’ ಎನ್ನುತ್ತ ಕಳೆ ಕೀಳುತ್ತಿದ್ದವರಲ್ಲಿ ಅಕ್ಬರಿ ಎಂಬಾಕೆ ಎಲ್ಲರಿಗಿಂತ ಮೊದಲು ಓಡಿದಳು. ನನ್ನ ಹಿಂದೆಯೇ ಇಳಿದು ಬಂದಿದ್ದ ಸಿದ್ದು ಇನ್ನೊಂದು ದಿಕ್ಕಿಗೆ ಓಡಿದ. ಕೊನೆಗೆ ಕಾಂಪೌಂಡಿನ ಮೂಲೆಯಿಂದ ಆಕೆಯ ದನಿಯೇ ಬಂತು. ‘ಇಲ್ಲೈತ್ರೀ!’

ಮಗುವಿಗೆ ಹಾಸಲೆಂದು ಚೀಲದಲ್ಲಿ ತಂದಿದ್ದ ಅತ್ತೆಯ ಹಳೆಯ ನೂಲಿನ ಸೀರೆ ಕೊಂಬೆಯಿಂದ ತೂಗುತ್ತಿತ್ತು. ಗಂಟಿನ ಮೇಲಿಂದ ಕೆಂಜಿಗಗಳ ಸಾಲು ಒಳಗೆ ಇಳಿದಿತ್ತು. ಮಗಳು ಅತ್ತೂ ಅತ್ತೂ ದನಿ ಕಟ್ಟಿಹೋಗಿ ಬರೀ ಬಿಕ್ಕುತ್ತಿದ್ದಳು. ಕಿವಿ, ಕುತ್ತಿಗೆ ತುಂಬ ಕೆಂಪು ದದ್ದು. ಬಟ್ಟೆ ಬಿಚ್ಚಿ ಕೊಡವಿ, ಬಾಟಲಿಯ ನೀರಲ್ಲಿ ತೊಳೆದೆ. ಮುಖ ಊದಿಲ್ಲ, ಉಸಿರು ಸರಿಯಾಗಿದೆ ಎಂದು ಖಾತ್ರಿಯಾದ ಮೇಲೆಯೇ ಅವಳನ್ನು ಎದೆಗವಚಿಕೊಂಡೆ.

‘ಮರದ್ ತಾವ ಯಾರ್ ಸಾಲಿರ್ತೈತೋ ಅವ್ರು ನೋಡ್ಕೊಂತಾರೆ ಅಂದ್ಕೊಂಡೆ...’ ಅತ್ತೆ ಮೆಲ್ಲಗೆ ಅಂದರು.

ಕೋಗಿಲಿನ ಹೊಲಗಳಲ್ಲಿ ಹಾಗೆಯೇ ಇತ್ತಂತೆ. ಮರದ ಹತ್ತಿರದ ಸಾಲು ಯಾರ ಪಾಲಿಗೆ ಬರುತ್ತದೋ ಎಲ್ಲರ ಜೋಲಿಯೂ ಅವರ ಪಾಲು. ಯಾರೂ ಹೇಳುವುದಿಲ್ಲ, ಯಾರೂ ಕೇಳುವುದಿಲ್ಲ. ಸಿದ್ದು ಬೆಳೆದದ್ದೂ ಹಾಗೆಯೇ.

‘ಇದು ನಿಮ್ಮ ಹೊಲ ಅಲ್ಲ ಅತ್ತೆ!’ ನಾನು ಕಿರುಚಿದೆ. ‘ಇಲ್ಲಿ ಯಾರ್ ಗೊತ್ತು ನಿಮ್ಗೆ? ನಿಮ್ಮನ್ನ ನಂಬ್ಕೊಂಡು ನಾನ್ ಹೆಂಗ್ ಕೆಲ್ಸಕ್ಕೆ ಹೋಗ್ಲಿ?’

‘ಬಿಡೇ, ಜನ ನೋಡ್ತಾವ್ರೆ,’ ಅಂದ ಸಿದ್ದು.

ನೋಡುತ್ತಿದ್ದರು. ಅಕ್ಬರಿ ಮಾತ್ರ ಅತ್ತೆಯ ಭುಜ ಹಿಡಿದುಕೊಂಡು ನಿಂತಿದ್ದಳು.

ಇಬ್ರಾಹಿಂ ರೋಜಾ, ಬಾರಾಕಮಾನು ಯಾವುದೂ ನೋಡಲಿಲ್ಲ. ಡಾಕ್ಟರು ಮುಲಾಮು ಕೊಟ್ಟು, ಹೆದರಬೇಡಿ ಎಂದರು. ಅಲ್ಲಿಂದ ನೇರ ಸ್ಟೇಷನ್ನಿಗೆ. ಧನ್ವಿ ನನ್ನ ತೋಳಲ್ಲೂ ಸುಮ್ಮನಾಗಲಿಲ್ಲ, ಅಪ್ಪನ ಹೆಗಲಲ್ಲೂ ಆಗಲಿಲ್ಲ. ಅತ್ತೆಯ ತೊಡೆಯ ಮೇಲೆ ಹಾಕಿದೊಡನೆ ನಿದ್ದೆ ಹೋದಳು.

ಅತ್ತೆ ಹಳಿಗಳ ಕಡೆ ನೋಡುತ್ತ ಹೇಳಿದರು: ‘ನಾನು ಮಗೀನ ಮರೀಲಿಲ್ಲ ಕಣವ್ವ. ಮರ ಗೊತ್ತಾಗ್ನಿಲ್ಲ, ಅಷ್ಟೇಯ.’ ಆಮೇಲೆ, ‘ಕೂಸ್ ನೋಡ್ಕೊಳ್ಳೋ ಮನೆಗೋಳು ಇರ್ತಾವಂತಲ್ಲ, ಅಲ್ಲೇ ಬುಡು.’

ಬೇಡ ಅತ್ತೆ ಎನ್ನಬೇಕಿತ್ತು. ಕ್ಲಿನಿಕ್ಕಿನ ಎದುರಿನ ಪ್ಲೇಹೋಮಿಗೆ ಅಲ್ಲೇ ಕೂತು ಫೋನು ಮಾಡಿದೆ. ವಯಸ್ಸು, ಹಾಲು, ಸಮಯ ಎಲ್ಲ ಕೇಳಿ ಬರೆದುಕೊಂಡ ಮೇಲೆ ಅಲ್ಲಿನ ಹೆಂಗಸು, ‘ಇಷ್ಟ್ ಸಣ್ಣ ಮಗು. ಮನೇಲಿ ನೋಡ್ಕೊಳ್ಳೋರು ಯಾರೂ ಇಲ್ವಾ ಮೇಡಂ?’ ಅಂದಳು.

‘ಇಲ್ಲ,’ ಎಂದೆ.

ಅತ್ತೆ ಸೆರಗಿನಿಂದ ಮಗುವಿನ ಕಿವಿಗೆ ಗಾಳಿ ಹಾಕುತ್ತಿದ್ದರು. ಕೈ ಒಂದು ಗಳಿಗೆ ನಿಂತಿತು. ಆಮೇಲೆ ಮತ್ತೆ ಬೀಸತೊಡಗಿತು.