ಸೊಂಟಪಟ್ಟಿಯಲ್ಲಿ ಹೊಲಿದಿದ್ದ ವೆಬ್‌ಸೈಟ್ ಹೆಸರು

ಓದುವ ಎಲ್ಲರಿಗೂ ನಮಸ್ಕಾರ. ಒಂದೇ ಬೆರಳಿನಲ್ಲಿ ಅಕ್ಷರ ಹುಡುಕಿ ಹುಡುಕಿ ಒತ್ತುತ್ತಿದ್ದೇನೆ. ಒತ್ತಕ್ಷರ, ದೀರ್ಘ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಹೊಲಿಗೆಯಲ್ಲಿ ತಪ್ಪು ಕಂಡರೆ ಮಾತ್ರ ಬಿಡದೆ ಬೈಯಿರಿ, ಅದು ನನ್ನ ಕಸುಬು.

ನಾನು ತಿಪಟೂರು ಕಡೆಯವನು. ಐದನೇ ಕ್ಲಾಸಿಗೇ ಶಾಲೆ ಬಿಟ್ಟು ಹೊಲಿಗೆ ಮೆಷಿನ್ ತುಳಿದವನು. ಎಸೆಸೆಲ್ಸಿ ಪಾಸು ಮಾಡಿದ್ದು ಬೆಂಗಳೂರಿಗೆ ಬಂದ ಮೇಲೆ, ಮೂವತ್ತೆರಡನೇ ವಯಸ್ಸಿನಲ್ಲಿ. ಮನೆ ಜರಗನಹಳ್ಳಿಯಲ್ಲಿ, ಅಂಗಡಿ ಜಯನಗರದಲ್ಲಿ, ಎರಡೂ ಬಾಡಿಗೆ. ಭರತನಾಟ್ಯದ ಉಡುಪು ಹೊಲಿಯುತ್ತೇನೆ.

ಎರಡು ಸಾವಿರದ ಇಸವಿ ದಾಟಿದ ಹೊಸದರಲ್ಲಿ ಬಿಟಿಎಂ ಲೇಔಟಿನ ಒಬ್ಬ ಡಿಸೈನರ್ ಅಂಗಡಿಗೆ ಬಂದು ವೆಬ್‌ಸೈಟ್ ಮಾಡಿಸಿ ಎಂದ. ಮಾಡಿಸಿದೆ. ಹುಬ್ಬಳ್ಳಿಯಿಂದ, ಸಿಂಗಪುರದಿಂದ ತಾಯಂದಿರು ಮಕ್ಕಳ ಅಳತೆ ಬರೆದು ಇಮೇಲ್ ಕಳಿಸತೊಡಗಿದರು. ಬೆಳೆಯುವ ಹುಡುಗಿಯರಿಗೆ ವರ್ಷಕ್ಕೊಮ್ಮೆ ಉಡುಪು ಬಿಚ್ಚಿ ಸಡಿಲ ಮಾಡಿಕೊಡಬೇಕು. ಆಗ ನನ್ನನ್ನು ಹುಡುಕಲು ಸುಲಭವಾಗಲಿ ಎಂದು ಪ್ರತಿ ಉಡುಪಿನ ಸೊಂಟಪಟ್ಟಿಯ ಒಳಗೆ ವೆಬ್‌ಸೈಟಿನ ಹೆಸರು ಅಚ್ಚು ಹಾಕಿದ ಬಿಳಿ ಟೇಪು ಹೊಲಿಯುತ್ತಿದ್ದೆ. ನಾಲ್ಕು ವರ್ಷ ಹಾಗೇ ಹೊಲಿದೆ.

ನಾಲ್ಕನೇ ವರ್ಷ ರಂಗಪ್ರವೇಶಗಳ ಭರಾಟೆಯಲ್ಲೇ ಸೈಟು ಮಾಯವಾಯಿತು, ನಾಲ್ಕು ದಿನವಾದರೂ ಮರಳಲಿಲ್ಲ. ಇಮೇಲೂ ನಿಂತಿತು. ಫೋನ್ ಮಾಡಿದರೆ ಡಿಸೈನರ್ ಎತ್ತಲಿಲ್ಲ. ಜೆ.ಪಿ. ನಗರದಲ್ಲಿ ಬ್ರೌಸಿಂಗ್ ಸೆಂಟರ್ ನಡೆಸುತ್ತಿದ್ದ ಒಬ್ಬ ಅಕ್ಕನ ಹತ್ತಿರ ಹೋಗಿ ಗೋಳು ಹೇಳಿಕೊಂಡೆ.

"ಹೋಸ್ಟಿಂಗ್ ಬೇರೆ ಕಡೆ ಬದಲಾಯಿಸಿ ಅಣ್ಣ" ಎಂದರು.

"ಹಂಗಂದ್ರೇನಕ್ಕ?"

"ನಿಮ್ಮ ಅಂಗಡಿ ಬಾಡಿಗೆದಲ್ವಾ? ಹೋಸ್ಟಿಂಗೂ ಅಷ್ಟೇ. ನಿಮ್ಮ ಫೋಟೋ, ಬರಹ ಎಲ್ಲಾ ಯಾವುದೋ ಕಂಪ್ಯೂಟರ್‌ನಲ್ಲಿ ಬಾಡಿಗೆಗಿದೆ. ಡೊಮೇನ್ ಅಂದ್ರೆ ಅಂಗಡಿ ಬೋರ್ಡಲ್ಲಿರೋ ಹೆಸರು. ಅಂಗಡಿ ಖಾಲಿ ಮಾಡಿದ್ರೂ ಬೋರ್ಡ್ ಕಳಚ್ಕೊಂಡು ಹೋಗ್ಬಹುದು. ಇರಿ, ಬೋರ್ಡ್ ಯಾರ ಹೆಸರಲ್ಲಿದೆ ನೋಡೋಣ."

ಯಾವ ಡೊಮೇನ್ ಯಾರದ್ದು ಎಂದು ಯಾರು ಬೇಕಾದರೂ ನೋಡಬಹುದಾದ ಒಂದು ಪುಟ ತೆರೆದರು. ಮಾಲೀಕನ ಜಾಗದಲ್ಲಿ ಡಿಸೈನರ್ ಹೆಸರು, ಅವನ ವಿಳಾಸ, ಅವನ ಇಮೇಲ್. ನನ್ನ ಹೆಸರು ಎಲ್ಲೂ ಇರಲಿಲ್ಲ.

ಮರುದಿನ ಬಸ್ಸು ಹತ್ತಿ ಬಿಟಿಎಂಗೆ ಹೋದೆ. ಡೊಮೇನಿನ ಪಾಸ್‌ವರ್ಡ್ ಕೊಡು ಎಂದೆ. ಅವನು ಕುರ್ಚಿಯಿಂದ ಏಳಲೂ ಇಲ್ಲ.

"ಅಂಕಲ್, ಟೆಕ್ನಿಕಲ್ ವಿಷ್ಯ ನಿಮಗ್ಯಾಕೆ? ನೀವು ಆರಾಮಾಗಿ ಹೊಲೀರಿ."

"ಹೆಸರು ನನ್ನ ಅಂಗಡೀದಪ್ಪಾ."

"ರಿಜಿಸ್ಟರ್ ಮಾಡಿದ್ದು ನಾನಲ್ವಾ?"

"ಹೆರಿಗೆ ಮಾಡಿಸಿದ್ದು ಡಾಕ್ಟ್ರು ಅಂತ ಮಗೂನ ಆಸ್ಪತ್ರೇಲೇ ಬಿಟ್ಟು ಬರ್ತಾರಾ?"

ಅವನು ನಕ್ಕ. "ಡೈಲಾಗ್ ಸಖತ್ತಾಗಿದೆ ಅಂಕಲ್. ಆದ್ರೆ ಪಾಸ್‌ವರ್ಡ್ ಸಿಗಲ್ಲ. ಮೂರು ವರ್ಷದ ಪ್ಯಾಕೇಜ್‌ಗೆ ಸೈನ್ ಹಾಕಿ, ಇವತ್ತೇ ಸೈಟ್ ಎಬ್ಬಿಸ್ತೀನಿ. ಇಲ್ಲಾಂದ್ರೆ ಬೇರೆ ಹೆಸರು ನೋಡ್ಕೊಳಿ."

"ಜನಕ್ಕೆ ಗೊತ್ತಾಗ್ಲಿ, ಹೊಸ ವಿಳಾಸ ಒಂದು ತಿಂಗಳು ಹಳೇ ಪುಟದಲ್ಲಿ ಹಾಕಪ್ಪ. ಅಂಗಡಿ ಬದಲಾದ್ರೆ ಓನರ್ ಕೂಡ ಬಾಗಿಲಿಗೆ ಚೀಟಿ ಅಂಟಿಸೋಕೆ ಬಿಡ್ತಾನೆ."

"ಆಗಲ್ಲ."

ಮನೆಯಲ್ಲಿ ಹೆಂಡತಿಗೆ ಹೇಳಿದೆ. "ಸೈನ್ ಹಾಕಿ ಬನ್ನಿ ಅತ್ಲಾಗೆ. ಅಷ್ಟೂ ಬಟ್ಟೇಲಿ ಅದೇ ಹೆಸರು ಕೂತಿದೆ. ಹಠ ಮಾಡಿದ್ರೆ ಯಾರಿಗೆ ನಷ್ಟ?" ಎಂದಳು.

"ಹಠ ಇಲ್ದಿದ್ರೆ ಮೂವತ್ತೆರಡಕ್ಕೆ ಎಸೆಸೆಲ್ಸಿ ಪಾಸಾಗ್ತಿದ್ನಾ?"

"ಅದೂ ಎರಡನೇ ಸಲಕ್ಕೆ" ಎಂದಳು.

ಅವಳ ಮಾತಿನಲ್ಲಿ ಸುಳ್ಳಿರಲಿಲ್ಲ. ಹಳೆಯ ಹೆಸರು ಬಿಟ್ಟರೆ ನಾಲ್ಕು ವರ್ಷದ ಗಿರಾಕಿಗಳು ಕೈಬಿಟ್ಟು ಹೋಗಬಹುದಿತ್ತು. ಆದರೆ ಸೈನ್ ಹಾಕಿದರೆ ಮೂರು ವರ್ಷದ ನಂತರ ಅದೇ ಕುರ್ಚಿಯ ಮುಂದೆ ಮತ್ತೆ ಕೈಕಟ್ಟಿ ನಿಲ್ಲಬೇಕು. ನಾನು ಸೈನ್ ಹಾಕಲಿಲ್ಲ.

ಅಕ್ಕನ ಸೆಂಟರಿನಲ್ಲಿ ಕುಳಿತು ಹಳೆಯ ಹೆಸರಿನ ಹಿಂದೆ ಜಯನಗರ ಸೇರಿಸಿ ಹೊಸ ಹೆಸರು ನೋಂದಾಯಿಸಿದೆ. ಮಾಲೀಕನ ಜಾಗದಲ್ಲಿ ಮಾರ್ಕ್ಸ್ ಕಾರ್ಡಿನಲ್ಲಿ ಇರುವಂತೆಯೇ ನನ್ನ ಹೆಸರು ಒತ್ತಿದೆ. ಇಮೇಲ್ ಕೇಳಿತು. ನನ್ನ ಹತ್ತಿರ ಇದ್ದ ಒಂದೇ ಇಮೇಲು ಆ ಹಳೆಯ ಹೆಸರಿನದು, ಅದರ ಬೀಗದ ಕೈಯೂ ಡಿಸೈನರ್ ಹತ್ತಿರ! ಹಾಗಾಗಿ ಮೊದಲು ಪುಕ್ಕಟೆ ಸಿಗುವ ಕಡೆ ಬೇರೆ ಇಮೇಲ್ ಮಾಡಿಕೊಂಡೆ. ಹೋಸ್ಟಿಂಗ್ ಮಾತ್ರ ಇನ್ನೊಂದು ಕಂಪನಿಯಲ್ಲಿ ತೆಗೆದುಕೊಂಡೆ. ಅದು ಕೈಕೊಟ್ಟರೂ ಹೆಸರು ನನ್ನ ಹತ್ತಿರವೇ ಉಳಿಯಲಿ ಎಂಬ ಲೆಕ್ಕ.

ಆರು ಫೋಟೋ, ಅಂಗಡಿ ವಿಳಾಸ, ಅಳತೆ ತೆಗೆಯುವ ವಿಧಾನ, ಇಷ್ಟು ಇರುವ ಪುಟ ಮಾಡಲು ಹದಿನೈದು ದಿನ ಹಿಡಿಯಿತು. ಎಲ್ಲ ಏರಿಸಿ ಹೆಸರು ಒತ್ತಿದರೆ ಪರದೆಯಲ್ಲಿ ಖಾಲಿ ಪುಟ. ಅಕ್ಕ ಇಣುಕಿ ನೋಡಿ, "ಅಣ್ಣ, ಬಟ್ಟೆಯೆಲ್ಲಾ ಗೋಡೌನಲ್ಲಿ ಜೋಡಿಸಿದ್ದೀರಾ. ಜನ ನೋಡೋದು ಈ ಒಳಗಿನ ಫೋಲ್ಡರ್ ಮಾತ್ರ, ಇಲ್ಲಿಡಿ" ಎಂದರು. ಇಟ್ಟೆ. ನಾನು ಹೊಲಿದ ಕೆಂಪು ರೇಷ್ಮೆಯ ಬೀಸಣಿಗೆ ನೆರಿಗೆ ಪರದೆಯ ಮೇಲೆ ನಿಧಾನವಾಗಿ ಮೇಲಿನಿಂದ ಕೆಳಗೆ ಬಿಚ್ಚಿಕೊಂಡಿತು.

ಇನ್ನು ಜನರಿಗೆ ತಿಳಿಸಬೇಕಿತ್ತು. ಡಿಸೈನರ್ ಹತ್ತಿರ ಪಾಸ್‌ವರ್ಡ್ ಇದ್ದರೆ ನನ್ನ ಹತ್ತಿರ ಅಳತೆ ಪುಸ್ತಕಗಳಿದ್ದವು. ಪ್ರತಿ ಹುಡುಗಿಯ ಎದೆ, ಸೊಂಟ, ಉದ್ದದ ಕೆಳಗೆ ಮನೆ ವಿಳಾಸ ಬರೆದುಕೊಳ್ಳುವುದು ನನ್ನ ಪದ್ಧತಿ. ಹೊಸ ಹೆಸರಿನ ಟೇಪು ಅಚ್ಚು ಹಾಕಿಸಿ, ಮೂರು ಬೆರಳಗಲ ಕತ್ತರಿಸಿ, ಒಂದೊಂದು ಲಕೋಟೆಗೆ ಒಂದೊಂದು ಹಾಕಿದೆ. ಜೊತೆಗೊಂದು ಚೀಟಿ: "ಹಳೆಯ ಹೆಸರು ಇನ್ನು ನಮ್ಮದಲ್ಲ. ಅದರ ಮೇಲೆ ಇದನ್ನು ಹೊಲಿದುಕೊಳ್ಳಿ." ಬೇಡ ಎಂದಿದ್ದ ಹೆಂಡತಿಯೇ ಕೂತು ಲಕೋಟೆ ಅಂಟಿಸಿದಳು.

ಎಷ್ಟೋ ಲಕೋಟೆ ವಾಪಸು ಬಂದವು. ಆ ವರ್ಷ ಕೆಲಸ ಇಳಿಯಿತು, ಸುಳ್ಳು ಹೇಳುವುದಿಲ್ಲ. ಎರಡು ತಿಂಗಳಾದ ಮೇಲೆ ಹುಬ್ಬಳ್ಳಿಯ ತಾಯಿಯೊಬ್ಬರ ಇಮೇಲ್ ಬಂತು. ಟೇಪು ಸೊಟ್ಟಗೆ ಹೊಲಿದಿದ್ದೀನಿ, ನಗಬೇಡಿ, ಮಗಳು ಎರಡು ಇಂಚು ಬೆಳೆದಿದ್ದಾಳೆ, ಉಡುಪು ಕಳಿಸಲಾ ಎಂದು ಕೇಳಿದ್ದರು.

ಆಮೇಲೆ ನಾನು ಸುಮ್ಮನೆ ಕೂರಲಿಲ್ಲ. ನಮ್ಮ ರಸ್ತೆಯಲ್ಲಿ ಅದೇ ಡಿಸೈನರ್‌ನಿಂದ ಸೈಟ್ ಮಾಡಿಸಿದ್ದ ಒಂದೊಂದು ಅಂಗಡಿಗೂ ಹೋಗಿ, ಡೊಮೇನ್ ಯಾರ ಹೆಸರಲ್ಲಿದೆ ನೋಡಿಕೊಳ್ಳಿ ಎಂದೆ. ಒಬ್ಬರದೂ ಅವರ ಹೆಸರಿನಲ್ಲಿ ಇರಲಿಲ್ಲ. ವಾರದೊಳಗೆ ಡಿಸೈನರ್ ಬಂದು ನನ್ನ ಅಂಗಡಿ ಮುಂದೆ ನಿಂತ.

"ಯಾಕೆ ಸಾರ್ ನನ್ನ ಹೊಟ್ಟೆ ಮೇಲೆ ಹೊಡೀತೀರಾ?"

ಅಂಕಲ್ ಹೋಗಿ ಸಾರ್ ಬಂದಿತ್ತು.

"ಅವರ ಹೆಸರು ಅವರಿಗೆ ಬರ್ಕೊಡಪ್ಪ. ಆಮೇಲೂ ಕೆಲಸ ಚೆನ್ನಾಗಿ ಮಾಡಿದ್ರೆ ನಿನ್ನ ಹತ್ರಾನೇ ಇರ್ತಾರೆ."

ಅವನು ಕೆಲವರಿಗೆ ಬರೆದುಕೊಟ್ಟ. ನನ್ನದು ಕೊಡಲಿಲ್ಲ. ನಾನೂ ಮತ್ತೆ ಕೇಳಲಿಲ್ಲ.

ನೀವೂ ಸಣ್ಣ ಅಂಗಡಿಯವರಾದರೆ ನಿಮ್ಮ ಡೊಮೇನ್ ಯಾರ ಹೆಸರಿನಲ್ಲಿದೆ ಎಂದು ಈಗಲೇ ನೋಡಿ. ನಿಮ್ಮದೇ ಹೆಸರನ್ನು ಬೇರೆಯವರು ಹಿಡಿದಿಟ್ಟುಕೊಂಡಿದ್ದರೆ, ನೀವು ಬಿಡಿಸಿಕೊಂಡಿದ್ದರೆ, ಸೋತಿದ್ದರೂ ಸರಿ, ಬರೆದು ತಿಳಿಸಿ. ಓದುವುದರಲ್ಲೂ ನಾನು ನಿಧಾನ, ಆದರೆ ಒಂದೂ ಬಿಡದೆ ಓದುತ್ತೇನೆ.