ಅಪ್ಪ ಆರಿಸಿದ ಹಾಕಿ ಸ್ಟಿಕ್ಕು

ಅಪ್ಪ ಈಗಲೂ ಗಟ್ಟಿಮುಟ್ಟಾಗಿದ್ದಾನೆ. ಹಾಗಾಗಿ ಅವನ ಮೇಲಿನ ಸಿಟ್ಟನ್ನು ಬರೆಯಲು ನನಗೆ ಸಂಕೋಚವಿಲ್ಲ.

ಪಿಯುಸಿ ಓದುವಾಗ ನಾನು ಮಂಡ್ಯದ ಗುತ್ತಲಿನ ನಮ್ಮ ಮನೆಯ ಹತ್ತಿರದ ಸಿಮೆಂಟು ಅಂಗಳದಲ್ಲಿ ಗಾಲಿ ಶೂ ಕಟ್ಟಿಕೊಂಡು ಹಾಕಿ ಆಡುತ್ತಿದ್ದೆ. ಐಸ್ ಹಾಕಿಯಂಥದ್ದೇ ಆಟ, ಚೆಂಡಿನ ಬದಲು ಚಪ್ಪಟೆ ಬಿಲ್ಲೆ. ಮಂಡ್ಯದಲ್ಲಿ ಐಸ್ ಎಲ್ಲಿಂದ ತರೋಣ? ಸ್ಟಿಕ್ಕು ಮಾತ್ರ ಐಸ್ ಹಾಕಿಯದೇ. ಉದ್ದನೆಯ ಹಿಡಿ, ತುದಿಯಲ್ಲಿ ಅಂಗೈ ಅಗಲದ ಬ್ಲೇಡು. ಆ ಬ್ಲೇಡು ಒಂದು ಕಡೆಗೆ ಬಾಗಿರುತ್ತದೆ. ಬಲಗೈ ಕೆಳಗಿಟ್ಟು ಹಿಡಿಯುವವರಿಗೆ ಒಂದು ಬಾಗು, ಎಡಗೈ ಕೆಳಗಿಡುವವರಿಗೆ ಅದಕ್ಕೆ ತಿರುವುಮುರುವು. ನಾನು ಬರೆಯುವುದೂ ಉಣ್ಣುವುದೂ ಬಲಗೈಯಲ್ಲೇ. ಸ್ಟಿಕ್ಕು ಹಿಡಿದರೆ ಮಾತ್ರ ಎಡಗೈ ತಾನಾಗಿ ಕೆಳಕ್ಕೆ ಇಳಿಯುತ್ತಿತ್ತು.

ನನ್ನದೇ ಸ್ಟಿಕ್ಕು ಕೊಳ್ಳಲು ಅಪ್ಪನ ಜೊತೆ ಬೆಂಗಳೂರಿಗೆ ಹೋದೆ. ಅಂಗಡಿಯವನು ಒಂದು ನೇರ ಕೋಲನ್ನು ನೆಲಕ್ಕೆ ಹಾಕಿ, "ಯೋಚನೆ ಮಾಡದೆ ಎತ್ಕೊಳಮ್ಮ" ಅಂದ. ಎತ್ತಿಕೊಂಡೆ. ನನ್ನ ಕೈ ನೋಡಿದವನೇ ಒಳಗಿಂದ ಒಂದು ಮರದ ಸ್ಟಿಕ್ಕು ತಂದ. ಅದರ ಹಿಡಿಯ ಮೇಲೆ ಇಂಗ್ಲಿಷಿನ 'ಎಲ್' ಅಕ್ಷರವಿತ್ತು.

"ಏನದು?" ಅಪ್ಪ ಕೇಳಿದ.

"ಲೆಫ್ಟು ಸಾರ್. ಇವರದು ಎಡಗೈ ಆಟ."

ಅಪ್ಪನ ಮುಖ ಬಿಗಿಯಿತು. "ನಮ್ ವಂಸ್ದಲ್ಲೇ ಎಡಚ್ರಿಲ್ಲ. ನಾಳೆ ಗಂಡಿನ ಕಡೆಯೋರ ಮುಂದೆ ಎಡಚಿ ಅನ್ನುಸ್ಕೋಬೇಕಾ? ಬಲದ್ದೇ ಕೊಡಿ."

"ಅಪ್ಪಾ, ಎಡಚಿ ಅಂತಲ್ಲ. ಕೈ ಇಡೋ ಜಾಗ ಅಷ್ಟೇಯ."

ಅಪ್ಪ ಬಡಗಿ. ಬಾಗಿಲು, ಕಿಟಕಿ ಮಾಡಿಯೇ ನಮ್ಮನ್ನು ಸಾಕಿದವನು. "ಮರದ ಇಸ್ಯ ನಂಗೇ ಏಳ್ಕೊಡ್ತೀಯಾ? ಕೋಲು ಕೋಲೇ ಕಣಮ್ಮ. ರೂಢಿಯಾಯ್ತದೆ ಬುಡು" ಅಂದ. ಅಂಗಡಿಯವನು ನನ್ನ ಮುಖ ನೋಡಿದ. ನಾನು ನೆಲ ನೋಡಿದೆ. ಅದಕ್ಕಾಗಿ ನನ್ನ ಮೇಲೂ ನನಗೆ ಸಿಟ್ಟಿದೆ.

ಎರಡು ವರ್ಷ ಆ ಬಲಗೈ ಸ್ಟಿಕ್ಕಿನಲ್ಲೇ ಆಡಿದೆ. ಬ್ಲೇಡಿನ ಉಬ್ಬಿದ ಬೆನ್ನು ಮುಂದಕ್ಕಿರುತ್ತಿತ್ತು. ಬಿಲ್ಲೆ ಅದಕ್ಕೆ ತಾಗಿದ್ದೇ ತಡ, ಪಕ್ಕಕ್ಕೆ ಜಾರುತ್ತಿತ್ತು. ಕೈ ಬದಲಿಸಿ ಆಡಲು ಹೋದರೆ ಪ್ರತಿ ಸಲವೂ ಒಂದು ಗಳಿಗೆ ತಡ.

ಮೈಸೂರಿನಲ್ಲಿ ತಂಡದ ಆಯ್ಕೆ ನಡೆಯಿತು. ಗೋಲಿನ ಮುಂದೆ ಒಬ್ಬಳೇ ಇದ್ದೆ. ಹೊಡೆದೆ. ಬಿಲ್ಲೆ ಕಂಬದಿಂದ ಮಾರು ದೂರ ಹೋಯಿತು. ಆಯ್ಕೆ ಮಾಡುವವರು ಹತ್ತಿರ ಬಂದು ಸ್ಟಿಕ್ಕು ತಿರುಗಿಸಿ ನೋಡಿ, "ಯಾರ್ದಮ್ಮಾ ಇದು? ಎರವಲು ತಂದಿದೀಯಾ?" ಅಂದರು.

"ನಂದೇ ಸಾರ್. ನಮ್ಮಪ್ಪ ಆರಿಸಿದ್ದು." ಬೇಲಿಯಾಚೆ ನಿಂತಿದ್ದ ಅಪ್ಪನಿಗೆ ಕೇಳಲಿ ಎಂದೇ ಗಟ್ಟಿಯಾಗಿ ಹೇಳಿದೆ. ಪಟ್ಟಿಯಲ್ಲಿ ನನ್ನ ಹೆಸರು ಬರಲಿಲ್ಲ.

ಮನೆಯಲ್ಲಿ ಅಮ್ಮ, "ನಿಮ್ಮಪ್ಪನ್ಗೂ ಬೇಜಾರಾಗೈತೆ, ಓಗ್ಲಿ ಬುಡು" ಅಂದಳು. ಅವನ ಬೇಜಾರಿಗೂ ನಾನೇ ಸಮಾಧಾನ ಹೇಳಬೇಕಿತ್ತು!

ಆ ಭಾನುವಾರ ಅಪ್ಪ ನೀರು ಕುದಿಸಿ, ಬ್ಲೇಡಿಗೆ ಹಬೆ ಕೊಟ್ಟು, ಬಾಗನ್ನು ಆಚೆ ಕಡೆಗೆ ತಿರುಗಿಸಲು ಕೂತ. ನನ್ನನ್ನೊಂದು ಮಾತು ಕೇಳಲಿಲ್ಲ. ಪದರ ಪದರವಾಗಿ ಅಂಟಿಸಿದ ಮರ, ಚಟ್ಟನೆ ಸೀಳಿತು.

"ಮರ ಸರಿಗಿಲ್ಲ" ಅಂದ.

"ಮರ ಸರಿಗೇ ಇತ್ತು. ಆರಿಸ್ದೋನು ಸರಿಗಿಲ್ಲ."

ಅಪ್ಪನಿಗೆ ನಾನು ಎದುರು ಮಾತಾಡಿದ್ದು ಅದೇ ಮೊದಲು. ಅವನ ಕೈ ಮೇಲೆದ್ದಿತು, ಹಾಗೇ ಇಳಿಯಿತು. ಮಧ್ಯಾಹ್ನ ಊಟಕ್ಕೂ ಬರಲಿಲ್ಲ.

ಎರಡು ವಾರದ ಮೇಲೆ ಒಬ್ಬನೇ ಬೆಂಗಳೂರಿಗೆ ಹೋಗಿ ಎಡಗೈ ಸ್ಟಿಕ್ಕು ತಂದ. ಕೈಗೆತ್ತಿಕೊಂಡ ಕೂಡಲೇ ಕಂಡಿತು: 'ಎಲ್' ಅಕ್ಷರವಿದ್ದ ಜಾಗವನ್ನು ಉಪ್ಪುಕಾಗದದಲ್ಲಿ ಉಜ್ಜಿ, ಮೇಲೆ ವಾರ್ನಿಷ್ ಬಳಿದಿದ್ದ. ನನಗೆ ಅಳು ಬರಲಿಲ್ಲ, ಮೈ ಉರಿಯಿತು. ಉಗುರಿಗೆ ಹಚ್ಚುವ ಕೆಂಪು ಬಣ್ಣದಲ್ಲಿ ಆ ಜಾಗದಲ್ಲೇ ದಪ್ಪಗೆ 'ಎಲ್' ಬರೆದುಕೊಂಡೆ. ಅಪ್ಪ ನೋಡಿದ.

ಆ ಸ್ಟಿಕ್ಕಿನಲ್ಲಿ ಮೊದಲ ವಾರವೇ ಬಿಲ್ಲೆ ನಾನು ಹೇಳಿದಲ್ಲಿಗೆ ಹೋಯಿತು. ಆದರೆ ಮುಂದಿನ ಆಯ್ಕೆಯ ಹೊತ್ತಿಗೆ ಆ ತಂಡದ ವಯಸ್ಸು ದಾಟಿತ್ತು. ಆಮೇಲೆ ಕಾಲೇಜಿಗೆ ಆಡಿದೆ, ಗೋಲು ಹೊಡೆದೆ, ಅಷ್ಟೇ.

ಹೋದ ತಿಂಗಳು ಮಳವಳ್ಳಿಯ ಸೋದರತ್ತೆಯ ಮನೆಗೆ ಹೋಗಿದ್ದೆವು. ಅಪ್ಪ ಎಲ್ಲರೆದುರು, "ಇವ್ಳ ಸ್ಟಿಕ್ಕಿಗೆ ಅಂತ ನಾನೇ ಬೆಂಗ್ಳೂರ್ಗಂಟ ಓಗಿದ್ದೆ ಕಣವ್ವ" ಎಂದು ತನ್ನ ತಂಗಿಗೆ ಹೇಳುತ್ತಿದ್ದ.

"ನೀನು ಎಲ್ಡ್ ಸಲ ಓಗಿದ್ದೆ ಕಣಪ್ಪ. ಮೊದಲ್ನೇದೂ ಏಳು" ಅಂದೆ.

ಎಲ್ಲರೂ ನನ್ನನ್ನೇ ನೋಡಿದರು. ಅಪ್ಪ ಲೋಟವನ್ನು ನನ್ನ ಕಡೆ ಸರಿಸಿ, "ಕಾಪಿ ಆರೋಯ್ತದೆ, ಕುಡಿ" ಅಂದ.

ನಾನು ಕುಡಿಯಲಿಲ್ಲ.